36 ನಿಮಿಷಕ್ಕೆ 20 ಅಂಕ: ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಎಷ್ಟು ಒದಗುತ್ತದೆ?

ಪಿಯುಸಿ ಮುಗಿಯುವ ತನಕ ಕ್ಲಾರ್ಕ್ಸ್ ಟೇಬಲ್ ತಿರುವಿ ಲಾಗ್, ಆಂಟಿಲಾಗ್ ಹುಡುಕಿದ ಕೈಗೆ ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಒಮ್ಮೆಲೇ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬರುತ್ತದೆ. ಸಿಇಟಿಯಲ್ಲೂ ಅದಕ್ಕೆ ಪ್ರವೇಶ ಇರಲಿಲ್ಲ. ಕ್ಲಾಸು ಶುರುವಾದ ವಾರದಲ್ಲೇ ‘ಎಲ್ಲರೂ ಕ್ಯಾಲ್ಕುಲೇಟರ್ ತಗೊಂಡು ಬನ್ನಿ’ ಅನ್ನುತ್ತಾರೆ. ಯಾವುದು ಅಂತ ಹೇಳುವವರು ಕಡಿಮೆ, ಹೇಗೆ ಬಳಸುವುದು ಅನ್ನುವುದಂತೂ ಯಾವ ಸಿಲಬಸ್ಸಿನಲ್ಲೂ ಇಲ್ಲ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು, ನಾಲ್ಕು ವರ್ಷ ಅದರಲ್ಲಿ ಕೂಡಿಸಿ, ಕಳೆದು, ಸೈನ್ ಕಾಸ್ ಒತ್ತಿ, ಕೊನೆಗೆ ಜೂನಿಯರ್‌ಗೆ ದಾಟಿಸಿ ಹೋಗುವವರೇ ಹೆಚ್ಚು.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2021 ಮತ್ತು 2022ರ ಸ್ಕೀಮ್‌ಗಳಲ್ಲಿ ಸೆಮಿಸ್ಟರ್ ಪರೀಕ್ಷೆ 100 ಅಂಕಕ್ಕೆ, 3 ಗಂಟೆ. ಐದು ಮಾಡ್ಯೂಲು, ಮಾಡ್ಯೂಲಿಗೆ ಒಂದರಂತೆ 20 ಅಂಕದ ಐದು ಪೂರ್ಣ ಪ್ರಶ್ನೆ. ಭಾಗಿಸಿ ನೋಡಿದರೆ ಪ್ರಶ್ನೆಗೆ 36 ನಿಮಿಷ. ಪ್ರಶ್ನೆ ಓದುವುದು, ಚಿತ್ರ ಬರೆಯುವುದು, ಟೇಬಲ್ ಗೀಚುವುದು ಎಲ್ಲ ಅದರೊಳಗೇ ಆಗಬೇಕು. ಗಣಿತ, ಬೇಸಿಕ್ ಎಲೆಕ್ಟ್ರಿಕಲ್, ಮೆಕ್ಯಾನಿಕ್ಸ್ ಪತ್ರಿಕೆಗಳಲ್ಲಿ ‘ಬ್ಯಾಕ್’ ಬೀಳುವುದು, ಅಂದರೆ ಫೇಲಾಗುವುದು, ಎಷ್ಟೋ ಸಲ ವಿಧಾನ ಗೊತ್ತಿದ್ದೂ ಲೆಕ್ಕ ಮುಗಿಯದೆ. ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್‌ನ ಡಬ್ಬಿಯ ಮೇಲೆ 417 ಫಂಕ್ಷನ್ ಎಂದು ಬರೆದಿದೆ. ಆ ಸಂಖ್ಯೆ ಯಾರಿಗೂ ಬೇಕಾಗಿಲ್ಲ. ಆ 36 ನಿಮಿಷದಲ್ಲಿ ಇದು ಎಷ್ಟು ಉಳಿಸಿಕೊಡುತ್ತದೆ, ಎಲ್ಲಿ ಸದ್ದಿಲ್ಲದೆ ಕೈಕೊಡುತ್ತದೆ ಅನ್ನುವುದೇ ಅಳತೆಗೋಲು. ಹಾಗೆ ಅಳೆದರೆ ಇಎಸ್ ಪ್ಲಸ್‌ಗೆ ಹತ್ತಕ್ಕೆ ಎಂಟು ಕೊಡಬಹುದು.

ಅಂಗಡಿಯಲ್ಲಿ ಎದುರಿಗೆ ಬರುವ ಕ್ಯಾಸಿಯೊ ಮಾದರಿಗಳು ನಾಲ್ಕೈದು. ಎಲ್ಲಕ್ಕಿಂತ ಅಗ್ಗದ್ದು 82ಎಂಎಸ್. ಇದರಲ್ಲಿ ಕಾಂಪ್ಲೆಕ್ಸ್ ಸಂಖ್ಯೆ ಇಲ್ಲ, ಸಮೀಕರಣ ಬಿಡಿಸುವುದಿಲ್ಲ, ಮ್ಯಾಟ್ರಿಕ್ಸ್ ಇಲ್ಲ, ಇಂಟಿಗ್ರೇಶನ್ ಇಲ್ಲ. ಬಿಕಾಂ, ಬಿಬಿಎ ಓದುವವರಿಗೆ ಸಾಕು. ಎಂಜಿನಿಯರಿಂಗ್‌ನವರು ಇದನ್ನು ಕೊಂಡರೆ ಎರಡನೇ ಸೆಮಿಸ್ಟರ್‌ಗೆ ಇನ್ನೊಂದು ಕೊಳ್ಳುವುದು ಖಂಡಿತ. ಅದರ ಮೇಲೆ 991ಎಂಎಸ್, 401 ಫಂಕ್ಷನ್. ಕೆಲಸ ಹೆಚ್ಚುಕಡಿಮೆ ಎಲ್ಲ ಮಾಡುತ್ತದೆ, ಆದರೆ ಭಿನ್ನರಾಶಿ, ವರ್ಗಮೂಲ, ಘಾತ ಎಲ್ಲ ಒಂದೇ ಸಾಲಿನಲ್ಲಿ ಸಾಗುವುದರಿಂದ ಬ್ರಾಕೆಟ್ ಲೆಕ್ಕ ತಪ್ಪುತ್ತದೆ. ಕಾಂಪ್ಲೆಕ್ಸ್ ಉತ್ತರದಲ್ಲಿ ಮೊದಲು ರಿಯಲ್ ಭಾಗವಷ್ಟೇ ಕಾಣುತ್ತದೆ, ಶಿಫ್ಟ್ ಮತ್ತು = ಒತ್ತಿದ ಮೇಲೆ ಇನ್ನರ್ಧ. ಅಣ್ಣನದೋ ಅಕ್ಕನದೋ ಹಳೆಯ ಎಂಎಸ್ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ, ಹೊಸದಾಗಿ ಕೊಳ್ಳುವುದಾದರೆ ಬೇಡ. ನಂತರ 991ಇಎಸ್ ಪ್ಲಸ್, ಈಗ ಸಿಗುವುದು ಸೆಕೆಂಡ್ ಎಡಿಷನ್, ಬೆಲೆ ಸಾವಿರ ರೂಪಾಯಿಯ ಆಸುಪಾಸಿನಿಂದ ಶುರು. ಮೇಲ್ತುದಿಯಲ್ಲಿ ಕ್ಲಾಸ್‌ವಿಜ್ ಸಾಲಿನ 991ಇಎಕ್ಸ್ ಮತ್ತು 991ಸಿಡಬ್ಲ್ಯೂ. ಅವುಗಳ ಮಾತು ಆಮೇಲೆ.

ಮೊದಲ ದಿನ ಮಾಡಬೇಕಾದ್ದು

ಡಬ್ಬಿ ತೆರೆದ ಕೂಡಲೇ ಸೆಟಿಂಗ್ ಸರಿಮಾಡಿಕೊಳ್ಳಿ. ಶಿಫ್ಟ್, ಮೋಡ್ ಒತ್ತಿದರೆ ಸೆಟಪ್ ಪಟ್ಟಿ ಬರುತ್ತದೆ. 1 ಒತ್ತಿ, ಅದರೊಳಗೆ ಮತ್ತೆ 2 ಒತ್ತಿದರೆ, ಬರೆಯುವುದು ಪುಸ್ತಕದಲ್ಲಿರುವ ಹಾಗೆ, ಉತ್ತರ ಮಾತ್ರ ದಶಮಾಂಶದಲ್ಲಿ. ಕಾರ್ಖಾನೆಯಿಂದ ಬಂದ ಸೆಟಿಂಗ್‌ನಲ್ಲಿ 1 ಭಾಗಿಸು 200 ಎಂದರೆ ಭಿನ್ನರಾಶಿಯೇ ಮರಳಿ ಬರುತ್ತದೆ, ದಶಮಾಂಶ ಬೇಕೆಂದರೆ ಪ್ರತಿಸಲ ಎಸ್-ಡಿ ಬಟನ್ ಒತ್ತಬೇಕು. ಒಂದು ಪ್ರಶ್ನೆಗೆ ಐವತ್ತು ಲೆಕ್ಕ ಇರುವ ಕಡೆ ಇದು ಸಣ್ಣ ವಿಷಯವಲ್ಲ. ಆಮೇಲೆ ಮತ್ತೆ ಶಿಫ್ಟ್, ಮೋಡ್, 8, 2. ಇದು ನಾರ್ಮ್ 2. ಇದನ್ನು ಮಾಡದಿದ್ದರೆ 0.005 ಎಂಬ ಉತ್ತರ 5×10⁻³ ಆಗಿ ಕಾಣುತ್ತದೆ. ಗಡಿಬಿಡಿಯಲ್ಲಿ ಆ ಚಿಕ್ಕ ಘಾತವನ್ನು ಬಿಟ್ಟು ಬರೀ 5 ಅಂತ ಬರೆದು ಮುಂದೆ ಹೋದ ಉತ್ತರಪತ್ರಿಕೆಗಳು ಎಷ್ಟು ಬೇಕಾದರೂ ಸಿಗುತ್ತವೆ.

ಸೆಟಪ್‌ನಲ್ಲಿ 3 ಡಿಗ್ರಿ, 4 ರೇಡಿಯನ್. ಇಡೀ ಯಂತ್ರದಲ್ಲಿ ಅತಿ ಹೆಚ್ಚು ಅಂಕ ನುಂಗುವ ಜಾಗ ಇದೇ. ಪರದೆಯ ಮೇಲಂಚಿನಲ್ಲಿ ಡಿ ಅಥವಾ ಆರ್ ಎಂಬ ಪುಟ್ಟ ಅಕ್ಷರವಿರುತ್ತದೆ, ಯಾರೂ ನೋಡುವುದಿಲ್ಲ. ಸೊನ್ನೆಯಿಂದ ಪೈ ತನಕ ಸೈನ್ ಎಕ್ಸ್ ಇಂಟಿಗ್ರೇಟ್ ಮಾಡಿದರೆ ಉತ್ತರ 2. ಡಿಗ್ರಿಯಲ್ಲಿಟ್ಟು ಮಾಡಿದರೆ ಸುಮಾರು 0.0861. ಇದು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಅಪಾಯ ಕಡಿಮೆ. ನಿಜವಾದ ಅಪಾಯ ಬೇರೆ ಕಡೆ. ‘ಕಾಸ್ ಎಕ್ಸ್ = ಎಕ್ಸ್ × ಇ ಘಾತ ಎಕ್ಸ್’ ಎಂಬ ಸಮೀಕರಣ ಗಣಿತ ಪತ್ರಿಕೆಯ ಖಾಯಂ ಗಿರಾಕಿ. ರೇಡಿಯನ್‌ನಲ್ಲಿ ಮೂಲ 0.5178. ಡಿಗ್ರಿಯಲ್ಲಿ ಮಾಡಿದರೆ 0.5671 ಬರುತ್ತದೆ. ಎರಡೂ ಸೊನ್ನೆ ಮತ್ತು ಒಂದರ ನಡುವೆಯೇ, ಎರಡೂ ನಂಬುವಂಥವೇ. ಡಿಗ್ರಿಯಲ್ಲಿ ಅಷ್ಟು ಚಿಕ್ಕ ಕೋನದ ಕಾಸ್ ಹೆಚ್ಚುಕಡಿಮೆ 1 ಆಗಿಬಿಡುತ್ತದೆ, ಯಂತ್ರ ಬೇರೆಯದೇ ಸಮೀಕರಣವನ್ನು ಬಿಡಿಸಿ ಕೊಟ್ಟಿರುತ್ತದೆ. ಎರರ್ ಬರುವುದಿಲ್ಲ, ಅನುಮಾನವೂ ಹುಟ್ಟುವುದಿಲ್ಲ. ಕ್ಯಾಲ್ಕುಲಸ್ ಮತ್ತು ನ್ಯೂಮರಿಕಲ್ ಮೆಥಡ್ಸ್‌ಗೆ ರೇಡಿಯನ್; ಎಸಿ ಸರ್ಕ್ಯೂಟ್, ಮೆಕ್ಯಾನಿಕ್ಸ್, ಸರ್ವೇಯಿಂಗ್‌ಗೆ ಡಿಗ್ರಿ. ಪತ್ರಿಕೆ ಕೈಗೆ ಬರುವ ಮುಂಚೆ ಸೈನ್ 30 ಒತ್ತಿ ನೋಡಿ: 0.5 ಬಂದರೆ ಡಿಗ್ರಿ, ಮೈನಸ್ 0.988 ಬಂದರೆ ರೇಡಿಯನ್.

ನಾಲ್ಕು ದಶಮಾಂಶ ಸ್ಥಾನಕ್ಕೆ ಉತ್ತರ ಕೇಳಿದಾಗ ಶಿಫ್ಟ್, ಮೋಡ್, 6, 4 ಎಂದು ಫಿಕ್ಸ್ ಮಾಡುವ ಅಭ್ಯಾಸ ಕೆಲವರಿಗಿದೆ. ಪರದೆಯ ಮೇಲೆ ಮಾತ್ರ ನಾಲ್ಕು ಸ್ಥಾನ, ಒಳಗೆ 15 ಅಂಕಿ ಹಾಗೇ ಇರುತ್ತದೆ, ಆದ್ದರಿಂದ ಲೆಕ್ಕ ಕೆಡುವುದಿಲ್ಲ. ಕೆಡುವುದು ಮರುದಿನ: ಫಿಕ್ಸ್ ತೆಗೆಯಲು ಮರೆತು ಫಿಸಿಕ್ಸ್ ಲ್ಯಾಬಿಗೆ ಹೋದರೆ ಯಂಗ್ಸ್ ಮಾಡ್ಯುಲಸ್‌ನ ಸೂತ್ರಕ್ಕೆ ಬೇಕಾದ ಪುಟ್ಟ ಪುಟ್ಟ ಅಳತೆಗಳೆಲ್ಲ 0.0000 ಆಗಿ ಕೂತಿರುತ್ತವೆ. ಪಕ್ಕದವರು ಎರವಲು ತೆಗೆದುಕೊಂಡು ಹೋಗಿ ಮರಳಿಸಿದಾಗಲೂ ಇದೇ ಕಥೆ. ಕೊಟ್ಟು ತೆಗೆದುಕೊಂಡ ಮೇಲೆ ಶಿಫ್ಟ್, 9, 1, =, ಎಸಿ ಒತ್ತಿ ಸೆಟಪ್ ಅಳಿಸಿ, ಮೇಲೆ ಹೇಳಿದ್ದನ್ನು ಮತ್ತೆ ಹಾಕಿ. ಹತ್ತು ಸೆಕೆಂಡಿನ ಕೆಲಸ.

ನ್ಯೂಮರಿಕಲ್ ಮೆಥಡ್ಸ್: ಹಣ ಹಿಂತಿರುಗುವ ಜಾಗ

ಎರಡನೇ ಸೆಮಿಸ್ಟರ್ ಗಣಿತದಲ್ಲಿ ಎರಡು ಮಾಡ್ಯೂಲ್ ಇದೇ ಇರುತ್ತದೆ. ಅಂದರೆ 40 ಅಂಕ. ಪಾಸಾಗಲು ಬೇಕಾದ್ದು 35. ಲೆಕ್ಕದ ದಾರಿ ಸಿದ್ಧ, ತಲೆ ಓಡಿಸುವುದು ಕಡಿಮೆ, ಕೈ ಓಡಿಸುವುದು ಹೆಚ್ಚು. ಯಂತ್ರ ಗೊತ್ತಿದ್ದವರಿಗೆ ಇಲ್ಲಿ ಅರ್ಧ ಸಮಯ ಉಳಿಯುತ್ತದೆ.

ಅಂದಾಜಿನಿಂದ ಶುರುಮಾಡಿ ಸಮೀಕರಣದ ಮೂಲ ಹುಡುಕುವ ನ್ಯೂಟನ್-ರಾಫ್ಸನ್ ತೆಗೆದುಕೊಳ್ಳಿ. ಎಕ್ಸ್³ − 2ಎಕ್ಸ್ − 5 = 0, ಮೊದಲ ಅಂದಾಜು 2. ಬಹಳಷ್ಟು ಮಂದಿ ಪ್ರತಿ ಸುತ್ತಿಗೂ ಸೂತ್ರವನ್ನು ಹೊಸದಾಗಿ ಅಂಕಿ ಹಾಕಿ ಬರೆಯುತ್ತಾರೆ. ಬೇಕಿಲ್ಲ. 2 ಒತ್ತಿ =. ಈಗ ಹಿಂದಿನ ಉತ್ತರ ಹಿಡಿದಿಡುವ ಆನ್ಸ್ ಕೀಯಲ್ಲಿ 2 ಕೂತಿದೆ. ಆಮೇಲೆ ‘ಆನ್ಸ್ − (ಆನ್ಸ್³ − 2ಆನ್ಸ್ − 5) ÷ (3ಆನ್ಸ್² − 2)’ ಎಂದು ಒಮ್ಮೆ ಬರೆದು = ಒತ್ತಿ: 2.1. ಮತ್ತೆ ಬರೀ =: 2.094568121. ಮತ್ತೆ =: 2.094551482. ಮತ್ತೂ ಒತ್ತಿದರೆ ಪರದೆಯ ಅಂಕಿ ಕದಲುವುದಿಲ್ಲ. ಮೂರು ಸುತ್ತು, ಮೂರು ಬಟನ್. ಉತ್ತರಪತ್ರಿಕೆಯಲ್ಲಿ ಮಾತ್ರ ಪ್ರತಿ ಸುತ್ತಿನಲ್ಲೂ ಸೂತ್ರಕ್ಕೆ ಬೆಲೆ ಹಾಕಿ ತೋರಿಸಿಯೇ ಬರೆಯಬೇಕು, ಸ್ಟೆಪ್ಪಿಗೆ ಅಂಕ ಇರುವುದರಿಂದ. ನಡುವೆ ಬೇರೆ ಯಾವುದೋ ಲೆಕ್ಕ ಮಾಡಿದರೆ ಆನ್ಸ್ ಬದಲಾಗಿ ಸರಣಿ ಹಾಳಾಗುತ್ತದೆ ಅನ್ನುವುದು ನೆನಪಿರಲಿ.

ಡಿಫರೆನ್ಶಿಯಲ್ ಸಮೀಕರಣ ಬಿಡಿಸುವ ರುಂಗೆ-ಕುಟ್ಟಾಗೆ ಕ್ಯಾಲ್ಕ್ ಬಟನ್ ಹೇಳಿಮಾಡಿಸಿದ್ದು. ವೈ ಡ್ಯಾಶ್ = ಎಕ್ಸ್ + ವೈ, ವೈ(0) = 1, ಎಚ್ = 0.1 ಎಂದಿಟ್ಟುಕೊಳ್ಳಿ. ‘0.1(ಎಕ್ಸ್ + ವೈ)’ ಎಂದು ಆಲ್ಫಾ ಬಟನ್ ಸೇರಿಸಿ ಎಕ್ಸ್, ವೈ ಅಕ್ಷರಗಳಲ್ಲೇ ಬರೆಯಿರಿ, = ಒತ್ತಬೇಡಿ, ಕ್ಯಾಲ್ಕ್ ಒತ್ತಿ. ಎಕ್ಸ್ ಎಷ್ಟು ಎಂದು ಕೇಳುತ್ತದೆ: 0. ವೈ ಎಷ್ಟು: 1. ಮೊದಲ ಕೆ 0.1. ಮತ್ತೆ ಕ್ಯಾಲ್ಕ್, 0.05, 1.05: ಎರಡನೆಯದು 0.11. ಮತ್ತೆ 0.05, 1.055: 0.1105. ಕೊನೆಯದಕ್ಕೆ 0.1, 1.1105: 0.12105. ಒಂದು, ಎರಡೆರಡು, ಒಂದರ ತೂಕದಲ್ಲಿ ಕೂಡಿಸಿ ಆರರಿಂದ ಭಾಗಿಸಿದರೆ 0.1103, ವೈ = 1.1103. ಕೇಳಿದ ಜಾಗದಲ್ಲಿ ಬರೀ ಅಂಕಿ ಹಾಕಬೇಕೆಂದಿಲ್ಲ, ‘1 + 0.11 ÷ 2’ ಎಂದೇ ಬರೆದು = ಒತ್ತಬಹುದು. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ರಫ್ ಹಾಳೆಯಲ್ಲಿ ಅರ್ಧ ಮಾಡಿ, ಕೂಡಿಸಿ, ಮತ್ತೆ ಯಂತ್ರಕ್ಕೆ ತರುತ್ತಾರೆ. ಅಂಕಿ ತಪ್ಪುವುದು ಆ ಓಡಾಟದಲ್ಲೇ. ಮಾಡಿಫೈಡ್ ಆಯ್ಲರ್, ರೆಗ್ಯುಲಾ ಫಾಲ್ಸಿ, ಗೌಸ್-ಸೈಡಲ್‌ಗೂ ಇದೇ ಉಪಾಯ.

ಸಿಂಪ್ಸನ್ ನಿಯಮಕ್ಕೆ ಟೇಬಲ್ ಮೋಡ್. ಮೋಡ್, 7. ‘1 ÷ (1 + ಎಕ್ಸ್²)’ ಬರೆದು =, ಎರಡನೇ ಫಂಕ್ಷನ್ ಕೇಳಿದರೆ ಏನೂ ಕೊಡದೆ =. ಸ್ಟಾರ್ಟ್ 0, ಎಂಡ್ 1, ಸ್ಟೆಪ್ 1 ÷ 6. ಏಳೂ ಬೆಲೆ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ, ಹಾಳೆಗೆ ಇಳಿಸಿಕೊಂಡರೆ ಆಯಿತು. ಮೂರನೇ ಒಂದರ ನಿಯಮದಲ್ಲಿ ಕೂಡಿದರೆ 0.7854. ನಂತರ ಮೋಡ್ 1ಕ್ಕೆ ಮರಳಿ ಇಂಟಿಗ್ರಲ್ ಬಟನ್‌ನಲ್ಲೇ ಅದನ್ನು ಹಾಕಿ ತಾಳೆ ನೋಡಬಹುದು, ಪೈ ಭಾಗಿಸು 4 ಕೂಡ ಅಷ್ಟೇ. ಟೇಬಲ್ 30 ಸಾಲು ಮೀರಿದರೆ ‘ಇನ್‌ಸಫಿಶಿಯಂಟ್ ಮೆಮ್’ ಎಂದು ತಕರಾರು ಮಾಡುತ್ತದೆ; ಸ್ಟೆಪ್ ಹಾಕುವಾಗ 0.1ರ ಬದಲು 0.01 ಬಿದ್ದಿರುವ ಸಾಧ್ಯತೆಯೇ ಹೆಚ್ಚು.

ಶಿಫ್ಟ್ ಕ್ಯಾಲ್ಕ್ ಅಂದರೆ ಸಾಲ್ವ್. ಸಮೀಕರಣದ ನಡುವಿನ = ಚಿಹ್ನೆಗೆ ಆಲ್ಫಾ ಕ್ಯಾಲ್ಕ್ ಒತ್ತಬೇಕು, ಸಾಮಾನ್ಯ = ಅಲ್ಲ. ಉತ್ತರದ ಕೆಳಗೆ ‘ಎಲ್−ಆರ್’ ಎಂದು ಇನ್ನೊಂದು ಸಂಖ್ಯೆ ಕಾಣುತ್ತದೆ, ಎಡ ಬಲಗಳ ವ್ಯತ್ಯಾಸ ಅದು. ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರ ಇದ್ದರೆ ಮಾತ್ರ ಉತ್ತರ ನಂಬಿ. ಸಾಲ್ವ್ ಕೂಡ ಒಳಗೆ ನ್ಯೂಟನ್ ವಿಧಾನದಲ್ಲೇ ಹುಡುಕುವುದು, ಆದ್ದರಿಂದ ಹಲವು ಮೂಲಗಳಿದ್ದಾಗ ನೀವು ಕೊಟ್ಟ ಮೊದಲ ಅಂದಾಜಿಗೆ ತಕ್ಕಂತೆ ಒಂದನ್ನು ಹಿಡಿಯುತ್ತದೆ. ಪ್ರಶ್ನೆಯಲ್ಲಿ ‘2 ಮತ್ತು 3ರ ನಡುವಿನ ಮೂಲ’ ಎಂದಿದ್ದರೆ 2.5 ಕೊಡಿ.

ರೇಲಿ ಪವರ್ ಮೆಥಡ್‌ಗೆ ಮೋಡ್ 6. ಮ್ಯಾಟ್-ಎಗೆ 3×3 ಮ್ಯಾಟ್ರಿಕ್ಸ್, ಮ್ಯಾಟ್-ಬಿಗೆ 3×1 ಕಾಲಂ. ಗುಣಿಸಿ, ಬಂದ ಮ್ಯಾಟ್-ಆನ್ಸ್‌ನ ದೊಡ್ಡ ಸಂಖ್ಯೆಯ ವಿಲೋಮದಿಂದ ಅದನ್ನು ಗುಣಿಸಿ, ಮತ್ತೆ ಮ್ಯಾಟ್-ಎ ಗುಣಿಸು ಮ್ಯಾಟ್-ಆನ್ಸ್. ಕರ್ಣದಲ್ಲಿ 2, ಅದರ ಅಕ್ಕಪಕ್ಕ −1 ಇರುವ ಆ ಪ್ರಸಿದ್ಧ ಮ್ಯಾಟ್ರಿಕ್ಸ್‌ನ ದೊಡ್ಡ ಐಗನ್ ಬೆಲೆ 3.414ರ ಕಡೆ ಸಾಗುವುದನ್ನು ಕಾಣಬಹುದು. ಇಲ್ಲಿ ಇಎಸ್ ಪ್ಲಸ್‌ನ ಒಂದು ಮಿತಿಯೂ ಇದೆ: ಮ್ಯಾಟ್ರಿಕ್ಸ್ 3×3ಕ್ಕೆ ಮುಗಿಯಿತು. ನಾಲ್ಕರ ಮ್ಯಾಟ್ರಿಕ್ಸ್‌ಗೆ ರ‍್ಯಾಂಕ್ ಕೇಳಿದರೆ ಕೈಯೇ ಗತಿ.

ಎಲೆಕ್ಟ್ರಿಕಲ್, ಮೆಕ್ಯಾನಿಕ್ಸ್, ಕಂಪ್ಯೂಟರ್ ಸೈನ್ಸ್

ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಮೋಡ್ 2, ಅಂದರೆ ಕಾಂಪ್ಲೆಕ್ಸ್ ಸಂಖ್ಯೆಯ ಮೋಡ್ ಕಲಿತವರಿಗೂ ಕಲಿಯದವರಿಗೂ ಅಜಗಜಾಂತರ. ಪುಸ್ತಕದ ‘ಜೆ’ ಇಲ್ಲಿ ‘ಐ’, ಅದು ಎಂಗ್ ಬಟನ್‌ನಲ್ಲಿ. ಕೋನದ ಚಿಹ್ನೆ ಶಿಫ್ಟ್ ಮತ್ತು (−). 230∠0 ÷ (3 + 4ಐ) ಎಂದು ಹಾಕಿ = ಒತ್ತಿದರೆ 27.6 − 36.8ಐ. ಕೊನೆಯಲ್ಲಿ ಶಿಫ್ಟ್, 2, 3 ಸೇರಿಸಿದರೆ 46∠−53.13. ಕರೆಂಟು, ಫೇಸ್ ಕೋನ ಎರಡೂ ಒಂದೇ ಏಟಿಗೆ. ಸಮಾಂತರ ಕವಲುಗಳ ಇಂಪೀಡನ್ಸ್ ಕೈಯಲ್ಲಿ ಮಾಡಿದರೆ ಒಂದು ಪುಟ, ಇಲ್ಲಿ ವಿಲೋಮ ಬಟನ್‌ನಿಂದ ಒಂದು ಸಾಲು. ಬರೀ ರೆಸಿಸ್ಟರ್ ಆದರೂ ಅಷ್ಟೇ: (10⁻¹ + 15⁻¹)⁻¹ ಎಂದರೆ 6. ಎರಡು ವಾಟ್‌ಮೀಟರ್ ಲೆಕ್ಕದಲ್ಲಿ 5 ಕಿಲೋವಾಟ್, 2 ಕಿಲೋವಾಟ್ ಇದ್ದರೆ ಕಾಸ್ ಆವರಣದೊಳಗೆ ಟ್ಯಾನ್ ವಿಲೋಮ, ಅದರೊಳಗೆ √3 × 3 ÷ 7: ಪವರ್ ಫ್ಯಾಕ್ಟರ್ 0.803. ಆದರೆ ಮೋಡ್ 2ರಲ್ಲಿ ಸಾಲ್ವ್, ಇಂಟಿಗ್ರಲ್ ಎರಡೂ ನಡೆಯುವುದಿಲ್ಲ. ಬಟನ್ ಒತ್ತಿದರೂ ಸುಮ್ಮನಿದ್ದರೆ ಯಂತ್ರ ಕೆಟ್ಟಿಲ್ಲ, ಮೋಡ್ 1ಕ್ಕೆ ಹೋಗಿ.

ಮೆಕ್ಯಾನಿಕ್ಸ್‌ನವರಿಗೆ ಮೋಡ್ 5. ಅಲ್ಲಿ 1 ಎಂದರೆ ಎರಡು ಅಜ್ಞಾತ, 2 ಎಂದರೆ ಮೂರು, 3 ವರ್ಗ ಸಮೀಕರಣ, 4 ಘನ ಸಮೀಕರಣ. ಟ್ರಸ್ಸಿನ ಜಾಯಿಂಟಿನಲ್ಲಿ ಎರಡು ಬಲ ಕಂಡುಹಿಡಿಯುವುದು, ಮೆಶ್ ಅನಾಲಿಸಿಸ್‌ನ ಮೂರು ಕರೆಂಟು ಎಲ್ಲ ಇಲ್ಲೇ. ತಪ್ಪುವುದು ಚಿಹ್ನೆಯಲ್ಲಿ: ಒಂದನೆಯ ಎರಡನೆಯದರಲ್ಲಿ ಸ್ಥಿರಸಂಖ್ಯೆ = ಚಿಹ್ನೆಯ ಬಲಗಡೆ ಇರುವುದೆಂದು ಯಂತ್ರ ತಿಳಿಯುತ್ತದೆ, ಮೂರು ನಾಲ್ಕರಲ್ಲಿ ಎಡಗಡೆಯೇ ಇದ್ದು ಬಲಗಡೆ ಸೊನ್ನೆ ಎಂದು. ಪರಿಹಾರವೇ ಇಲ್ಲದ ಅಥವಾ ಅನಂತ ಪರಿಹಾರ ಇರುವ ಜೋಡಿ ಕೊಟ್ಟರೆ ಬರೀ ‘ಮ್ಯಾತ್ ಎರರ್’ ಎಂದು ಕೈತೊಳೆದುಕೊಳ್ಳುತ್ತದೆ, ಯಾವುದು ಎಂದು ಹೇಳುವುದಿಲ್ಲ. ಕನ್ಸಿಸ್ಟೆನ್ಸಿ, ಅಂದರೆ ಪರಿಹಾರ ಇದೆಯೇ ಇಲ್ಲವೇ ಎಂದು ಕೇಳುವ ಪ್ರಶ್ನೆಯಲ್ಲಿ ಹೀಗಾಗಿ ಇದು ಉಪಯೋಗಕ್ಕಿಲ್ಲ. ಹತ್ತಕ್ಕೆ ಹತ್ತು ಕೊಡದೆ ಎಂಟಕ್ಕೆ ನಿಲ್ಲಿಸಿದ್ದಕ್ಕೆ ಇದೂ ಒಂದು ಕಾರಣ.

ಭಾಗಾಕಾರದ ಒಂದು ಗುಟ್ಟು. 6 ÷ 2(1 + 2) ಎಂದು ಹಾಕಿದರೆ ಇಎಸ್ ಪ್ಲಸ್ 1 ಎನ್ನುತ್ತದೆ. 6 ÷ 2 × (1 + 2) ಎಂದರೆ 9. ಗುಣಾಕಾರದ ಚಿಹ್ನೆ ಇಲ್ಲದೆ ಅಂಟಿಕೊಂಡಿದ್ದನ್ನು ಅದು ಮೊದಲು ಗುಣಿಸುತ್ತದೆ. ಬೀಮಿನ ಡಿಫ್ಲೆಕ್ಷನ್ ಸೂತ್ರದಲ್ಲಿ ಛೇದ 48 × ಇ × ಐ. ‘÷ 48 × ...’ ಎಂದು ಹಾಕುತ್ತಾ ಹೋದರೆ ಇ, ಐ ಎರಡೂ ಛೇದದಿಂದ ಹಾರಿ ಅಂಶಕ್ಕೆ ಬರುತ್ತವೆ, ಉತ್ತರ ಕಿಲೋಮೀಟರುಗಟ್ಟಲೆ ಬಾಗಿದ ಬೀಮು. ಸರಿಯಾದ ಅಭ್ಯಾಸ ಎರಡು: ಭಿನ್ನರಾಶಿಯ ಬಟನ್ ಬಳಸಿ ಮೇಲೆ ಕೆಳಗೆ ಬರೆಯುವುದು, ಇಲ್ಲವೇ ಛೇದಕ್ಕೆ ಬ್ರಾಕೆಟ್ ಹಾಕುವುದು. ಹಾಗೆಯೇ −2² ಎಂದರೆ −4. ಋಣ ಸಂಖ್ಯೆಯ ವರ್ಗ ಬೇಕಿದ್ದರೆ ಅದಕ್ಕೂ ಬ್ರಾಕೆಟ್.

ಕಂಪ್ಯೂಟರ್ ಸೈನ್ಸ್‌ನವರಿಗೆ ಮೋಡ್ 4 ಇದೆ, ಬೈನರಿ 16 ಬಿಟ್ಟಿನ ತನಕ, ಋಣ ಸಂಖ್ಯೆಗೆ ಟೂಸ್ ಕಾಂಪ್ಲಿಮೆಂಟ್ ತಾನೇ ಕೊಡುತ್ತದೆ. ದಶಮಾಂಶ ಚುಕ್ಕೆ ಇರುವ ಸಂಖ್ಯೆ ಮಾತ್ರ ಅಲ್ಲಿ ನಡೆಯದು. ಮಾಡ್ಯುಲರ್ ಅರಿತ್ಮೆಟಿಕ್ ಪಾಠದಲ್ಲಿ ದೊಡ್ಡ ಘಾತದ ಶೇಷ ಕೇಳಿದಾಗ ನೇರವಾಗಿ ಒತ್ತಬೇಡಿ. 3ರ ಘಾತ 40 ಅಂದರೆ 20 ಅಂಕಿಯ ಸಂಖ್ಯೆ, ಯಂತ್ರ ಹಿಡಿಯುವುದು 15, ತೋರಿಸುವುದು 10. ಅದನ್ನು 7ರಿಂದ ಭಾಗಿಸಿ ತೆಗೆದ ಶೇಷಕ್ಕೆ ಅರ್ಥವೇ ಇಲ್ಲ. 3ರ ಘಾತ 6ಕ್ಕೆ ಶೇಷ 1, 40ರಲ್ಲಿ ಆರಾರು ತೆಗೆದರೆ ಉಳಿಯುವುದು 4, 3ರ ಘಾತ 4 ಅಂದರೆ 81, ಶೇಷ 4. ಇದಕ್ಕೆ ಯಂತ್ರವೇ ಬೇಡ. ಸಿವಿಲ್‌ನವರ ಡಿಗ್ರಿ-ಮಿನಿಟು-ಸೆಕೆಂಡಿಗೆ ಪ್ರತ್ಯೇಕ ಬಟನ್ ಇದೆ, ಅದನ್ನೇ ಮತ್ತೆ ಒತ್ತಿದರೆ ದಶಮಾಂಶ, ಹೆಚ್ಚು ಹೇಳುವುದಕ್ಕಿಲ್ಲ.

ಲ್ಯಾಬಿನಲ್ಲಿ

ರೆಕಾರ್ಡ್ ಬರೆಯುವಾಗ ಗ್ರಾಫ್ ಹಾಳೆಯಲ್ಲಿ ಇಳಿಜಾರು ಅಳೆಯುವ ಮುಂಚೆ ಮೋಡ್ 3, 2ರಲ್ಲಿ ರೀಡಿಂಗ್ ಹಾಕಿ, ಎಸಿ ಒತ್ತಿ, ಶಿಫ್ಟ್ 1ರಲ್ಲಿ ರೆಗ್ ಎಂಬ ಸಾಲು ಆರಿಸಿದರೆ ಎ, ಬಿ, ಆರ್ ಸಿಗುತ್ತವೆ. ಬಿ ಎಂಬುದೇ ಇಳಿಜಾರು, ಆರ್ ಎಂದರೆ ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಳತೆ. ಎಲ್‌ಇಡಿಯಿಂದ ಪ್ಲಾಂಕ್ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗದಲ್ಲಿ ನಾಲ್ಕೇ ಬಿಂದು ಇರುವಾಗ ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಇದರಿಂದ ತಪ್ಪುತ್ತದೆ. ಆರ್ ಬೆಲೆ 0.9ಕ್ಕಿಂತ ಕೆಳಗಿದ್ದರೆ ಒಂದು ರೀಡಿಂಗ್ ತಪ್ಪಾಗಿದೆ ಎಂದೇ ತಿಳಿದು, ಮೇಷ್ಟ್ರ ಸಹಿಗೆ ಹೋಗುವ ಮುಂಚೆ ಮತ್ತೆ ತೆಗೆಯಿರಿ. ಮೋಡ್ ಬದಲಿಸಿದರೆ ಹಾಕಿದ ರೀಡಿಂಗ್ ಅಷ್ಟೂ ಅಳಿಸಿಹೋಗುತ್ತದೆ. ಆನ್ ಬಟನ್ ಕೂಡ ಹಾಗೇ: ಎಸಿ ಬದಲು ಆನ್ ಒತ್ತುವ ಅಭ್ಯಾಸವಿದ್ದರೆ ಹಿಂದಿನ ಲೆಕ್ಕಗಳನ್ನು ಮೇಲಿನ ಬಾಣದಿಂದ ಮರಳಿ ತರುವ ಸೌಲಭ್ಯ ಸಿಗುವುದಿಲ್ಲ.

ಎಂ ಎಂಬ ಅಕ್ಷರ ಪರದೆಯ ಮೇಲೆ ಕಂಡರೆ ಎಂ-ಪ್ಲಸ್ ಮೆಮೊರಿಯಲ್ಲಿ ಹಳೆಯದೇನೋ ಉಳಿದಿದೆ ಎಂದರ್ಥ. ಯಂತ್ರ ಆರಿಸಿದರೂ ಅದು ಹೋಗುವುದಿಲ್ಲ. 0, ಶಿಫ್ಟ್, ಆರ್‌ಸಿಎಲ್, ಎಂ-ಪ್ಲಸ್ ಒತ್ತಿ ಸೊನ್ನೆ ಮಾಡಿಯೇ ಹೊಸ ಮೊತ್ತ ಶುರುಮಾಡಬೇಕು.

ಸ್ಥಿರಾಂಕಗಳು 40 ಇವೆ, ಮುಚ್ಚಳದ ಒಳಗೆ ಪಟ್ಟಿ ಅಂಟಿಸಿದ್ದಾರೆ. ಶಿಫ್ಟ್ 7 ಒತ್ತಿ ಎರಡಂಕಿಯ ಸಂಖ್ಯೆ: 06 ಪ್ಲಾಂಕ್, 03 ಎಲೆಕ್ಟ್ರಾನಿನ ದ್ರವ್ಯರಾಶಿ, 23 ಅದರ ಆವೇಶ, 28 ಬೆಳಕಿನ ವೇಗ. 100 ವೋಲ್ಟಿನಲ್ಲಿ ಓಡುವ ಎಲೆಕ್ಟ್ರಾನಿನ ಡಿ ಬ್ರಾಯ್ ತರಂಗಾಂತರ ಒಂದೇ ಸಾಲಿನಲ್ಲಿ 1.226×10⁻¹⁰ ಮೀಟರ್. 10ರ ಘಾತ ಕೈಯಾರೆ ಹಾಕುವಾಗ ‘×10’ ಬಟನ್ ಬಳಸಿ. ಗುಣಿಸು, ಒಂದು, ಸೊನ್ನೆ, ಘಾತ ಎಂದು ಬಿಡಿಬಿಡಿಯಾಗಿ ಹಾಕಿದರೆ ಛೇದದಲ್ಲಿರುವಾಗ ಮೇಲೆ ಹೇಳಿದ ಅದೇ ಬ್ರಾಕೆಟ್ ಗೋಳು.

ಮುಚ್ಚಳದ ಪಟ್ಟಿ ಇದ್ದದ್ದು ಇದ್ದಹಾಗೇ ಇರಲಿ. ಅದರ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸೂತ್ರ ಬರೆದಿದ್ದರೂ ಮಾಲ್‌ಪ್ರಾಕ್ಟೀಸ್ ಆಗುತ್ತದೆ, ಮೇಲ್ವಿಚಾರಕರು ಮೊದಲು ತೆಗೆದು ನೋಡುವುದೇ ಮುಚ್ಚಳ. ಲ್ಯಾಬಿನಲ್ಲಿ ಬರೆದು ಮರೆತದ್ದನ್ನು ಪರೀಕ್ಷೆಯ ಹಿಂದಿನ ರಾತ್ರಿಯೇ ಒರೆಸಿ. ಪರೀಕ್ಷೆ ನಡುವೆ ಕ್ಯಾಲ್ಕುಲೇಟರ್ ಕೈಯಿಂದ ಕೈಗೆ ದಾಟಿಸುವುದೂ ಬೇಡ. ಪ್ರೋಗ್ರಾಮ್ ಮಾಡಬಲ್ಲ ಮಾದರಿಗಳಿಗೆ ಕೊಠಡಿಯೊಳಗೆ ಜಾಗವಿಲ್ಲ. ಇಲ್ಲಿ ಹೇಳಿದ ಯಾವುದೂ ಆ ಜಾತಿಯದ್ದಲ್ಲ. ಗೇಟ್ ಬರೆಯುವವರಿಗೆ ಮಾತ್ರ ಇದರ ಕೈಚಳಕ ಉಪಯೋಗಕ್ಕೆ ಬಾರದು, ಅಲ್ಲಿ ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸಿನಿಂದ ಒತ್ತಬೇಕು. ಆರು ತಿಂಗಳು ಮುಂಚೆಯೇ ಅದರಲ್ಲಿ ಅಭ್ಯಾಸ ಶುರುಮಾಡುವುದು ಒಳ್ಳೆಯದು.

ಕ್ಲಾಸ್‌ವಿಜ್ ಕೊಳ್ಳಬೇಕೇ?

991ಇಎಕ್ಸ್‌ನ ಪರದೆ ಇದಕ್ಕಿಂತ ಬಹಳ ಸ್ಪಷ್ಟ: 192×63 ಚುಕ್ಕೆ, ಇಎಸ್ ಪ್ಲಸ್‌ನದು 96×31. ಮ್ಯಾಟ್ರಿಕ್ಸ್ 4×4, ಅಜ್ಞಾತ ನಾಲ್ಕರ ತನಕ, ನಾಲ್ಕನೇ ಘಾತದ ಸಮೀಕರಣವೂ ಬಿಡಿಸುತ್ತದೆ. ಪರಿಹಾರ ಇಲ್ಲ ಎಂಬುದನ್ನೂ ಅನಂತ ಎಂಬುದನ್ನೂ ಬಿಡಿಸಿ ಹೇಳುತ್ತದೆ. ಎಲೆಕ್ಟ್ರಿಕಲ್, ಸಿವಿಲ್‌ನವರಿಗೆ ಮೂರನೇ ವರ್ಷದಲ್ಲಿ ಅದು ನಿಜಕ್ಕೂ ಸಹಾಯ. ಕೈಯಲ್ಲಿ ಇನ್ನೂ ನಾನೂರು ಐನೂರು ಇದ್ದು ಇಎಕ್ಸ್ ಸಿಕ್ಕರೆ ಅದನ್ನೇ ಕೊಳ್ಳಿ ಅನ್ನಬಹುದು.

991ಸಿಡಬ್ಲ್ಯೂ ಬಗ್ಗೆ ಅಷ್ಟು ಉತ್ಸಾಹ ಬರುವುದಿಲ್ಲ. ಪರದೆ ಚೆನ್ನಾಗಿದೆ, ಬಟನ್‌ಗಳ ಮೇಲಿನ ಅಕ್ಷರಗಳ ಗಿಜಿಗಿಜಿ ಕಡಿಮೆಯಾಗಿದೆ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಶಿಫ್ಟ್ ಜೊತೆ ಒಂದೇಟಿಗೆ ಸಿಗುತ್ತಿದ್ದ ಹಲವು ಕೆಲಸಗಳು ಕ್ಯಾಟಲಾಗ್, ಟೂಲ್ಸ್, ಫಾರ್ಮ್ಯಾಟ್ ಎಂಬ ಪಟ್ಟಿಗಳೊಳಗೆ ಹೋಗಿ ಕೂತಿವೆ. = ಬಟನ್ ಜಾಗದಲ್ಲಿ ಇಎಕ್ಸ್‌ಇ (EXE). ಶಾಲೆಯ ಮಗುವಿಗೆ ಇದು ಸರಳ ಇರಬಹುದು, ಪ್ರಶ್ನೆಗೆ ಐವತ್ತು ಲೆಕ್ಕ ಮಾಡುವವರಿಗೆ ಒಂದೊಂದು ಹೆಚ್ಚಿನ ಒತ್ತೂ ಲೆಕ್ಕಕ್ಕೆ ಬರುತ್ತದೆ. ಸೀನಿಯರ್ ಹೇಳಿಕೊಡುವುದು, ಯೂಟ್ಯೂಬಿನ ಕನ್ನಡ ಪಾಠಗಳು, ಲೆಕ್ಚರರ್ ಬೋರ್ಡಿನ ಮೇಲೆ ಬರೆಯುವ ಬಟನ್ ಕ್ರಮ ಬಹುಪಾಲು ಇಎಸ್ ಪ್ಲಸ್‌ನದು; ಸಿಡಬ್ಲ್ಯೂ ಹಿಡಿದವರು ಪ್ರತಿ ಸಲ ತಮ್ಮ ಯಂತ್ರಕ್ಕೆ ಅದನ್ನು ಹೊಂದಿಸಿಕೊಳ್ಳಬೇಕು. ಕ್ಯೂಆರ್ ಕೋಡ್ ಸೌಲಭ್ಯಕ್ಕೆ ಮೊಬೈಲ್ ಬೇಕು, ಪರೀಕ್ಷಾ ಕೊಠಡಿಯಲ್ಲಿ ಅದೇ ಇರುವುದಿಲ್ಲ.

ಹಳೆಯದು, ನಕಲಿ, ಸೆಲ್ಲು

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ಜೊತೆ ಕ್ಯಾಲ್ಕುಲೇಟರೂ ಕೈಬದಲಾಗುತ್ತದೆ, ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲೂ ಅಷ್ಟೇ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಶಿಫ್ಟ್ ಮತ್ತು 7 ಒಟ್ಟಿಗೆ ಒತ್ತಿಹಿಡಿದು ಆನ್ ಒತ್ತಿ. ಪರೀಕ್ಷಾ ಪರದೆ ಬರುತ್ತದೆ. 9 ಒತ್ತಿ, ನಂತರ ಶಿಫ್ಟ್ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಸತ್ತ ಚುಕ್ಕೆ ಇದ್ದರೆ ಅಲ್ಲಿ ಬಿಳಿಯಾಗಿ ಕಾಣುತ್ತದೆ. ಮುಗಿದ ಮೇಲೆ ಎಸಿ. ಈ ಪರದೆಯೇ ಬಾರದಿದ್ದರೆ, ಹೆಸರು ಕ್ಯಾಸಿಯೊ ಅಂತಿದ್ದರೂ ಸಂಶಯಪಡಿ. ಬಟನ್‌ಗಳಲ್ಲಿ ಮೊದಲು ಸೋಲುವುದು =, ಆನ್ಸ್ ಮತ್ತು ನಡುವಿನ ಬಾಣದ ಬಿಲ್ಲೆ. ಬಾಣವನ್ನು ನಾಲ್ಕೂ ದಿಕ್ಕಿಗೆ ಒತ್ತಿ ನೋಡಿ, ಅದು ಹೋದರೆ ಭಿನ್ನರಾಶಿಯ ಕೆಳಗಿನ ಮನೆಗೆ ಇಳಿಯಲಾಗದೆ ಯಂತ್ರವೇ ನಿಷ್ಪ್ರಯೋಜಕ. ಹೊಸದಕ್ಕೆ ಮೂರು ವರ್ಷದ ವಾರಂಟಿ ಇದೆ, ಬಿಲ್ ಮತ್ತು ಕಾರ್ಡು ಮಾರ್ಕ್ಸ್ ಕಾರ್ಡಿನ ಫೈಲಿನಲ್ಲೇ ಇಡಿ. ಹಿಂಬದಿಯಲ್ಲಿ ಮಾಯದ ಮಾರ್ಕರ್‌ನಿಂದ ಯುಎಸ್‌ಎನ್ (ವಿಟಿಯು ಕೊಡುವ ನೋಂದಣಿ ಸಂಖ್ಯೆ) ಬರೆದಿಟ್ಟರೆ ಲೈಬ್ರರಿಯಲ್ಲಿ ಬಿಟ್ಟುಬಂದದ್ದು ಮರಳಿ ಬರುವ ಸಾಧ್ಯತೆ ಹೆಚ್ಚು.

ಸೋಲಾರ್ ಪಟ್ಟಿ ಇದೆಯೆಂದು ಸೆಲ್ ಬೇಡವೆಂದಲ್ಲ. ಒಳಗೆ ಎಲ್‌ಆರ್44 ಗುಂಡಿ ಸೆಲ್ ಒಂದಿದೆ, ಚೆನ್ನಾಗಿ ನಡೆಯುತ್ತಿದ್ದರೂ ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಸೆಲ್ ಸತ್ತದ್ದು ಹಗಲು ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ, ಸೋಲಾರ್ ನಡೆಸಿಬಿಡುತ್ತದೆ. ಮೋಡ ಕವಿದ ದಿನ ಮಂದ ಬೆಳಕಿನ ಪರೀಕ್ಷಾ ಹಾಲ್‌ನ ಮೂಲೆಯಲ್ಲಿ ಕೂತಾಗ ಅಂಕಿ ಮಸುಕಾಗುತ್ತದೆ, ಆರಿಸಿ ಹೊತ್ತಿಸಿದರೆ ಮೆಮೊರಿ ಖಾಲಿ. ಪರೀಕ್ಷಿಸಲು ಸೋಲಾರ್ ಪಟ್ಟಿಯನ್ನು ಹೆಬ್ಬೆರಳಿನಿಂದ ಪೂರ್ತಿ ಮುಚ್ಚಿ: ಅಂಕಿ ಗಟ್ಟಿಯಾಗಿ ನಿಂತರೆ ಸರಿ, ಕರಗಿದರೆ ಅಂದೇ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಎಜಿ13 ಎಂದು ಕೊಟ್ಟರೂ ಅಳತೆ ಅದೇ. ಹಿಂಬದಿಯ ಸ್ಕ್ರೂ ಬಿಚ್ಚಲು ಕನ್ನಡಕದವರ ಸಣ್ಣ ಸ್ಕ್ರೂಡ್ರೈವರ್ ಬೇಕು, ಪ್ಲಸ್ ಗುರುತು ಮೇಲೆ ಬರಬೇಕು. ಹಾಕಿದ ಮೇಲೆ ಆನ್, ಶಿಫ್ಟ್, 9, 3, =, ಎಸಿ. ಆಗ ಯಂತ್ರ ಡಿಗ್ರಿಗೂ ನಾರ್ಮ್ 1ಕ್ಕೂ ಭಿನ್ನರಾಶಿಯ ಉತ್ತರಕ್ಕೂ ಮರಳಿರುತ್ತದೆ, ಮೊದಲ ದಿನದ ಸೆಟಿಂಗ್ ಮತ್ತೆ ಹಾಕಿಕೊಳ್ಳಬೇಕು. ಇದನ್ನು ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮಾಡಬೇಡಿ, ಸ್ಕ್ರೂ ಕೈಜಾರಿದರೆ ಸಿಗುವುದಿಲ್ಲ.